ಕೇಳದ ಕಿವಿಗೂ ಮನೆಮಾತಿನ ಹಕ್ಕು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯೆಂದರೆ ಸ್ಥಾಪಕರ ತ್ಯಾಗ, ಗುರುವೃಂದದ ನೆನಪು, ಗಡಿನಾಡಿನಲ್ಲಿ ಕನ್ನಡದ ಅಳಿವು ಉಳಿವು ಇವುಗಳ ಕುರಿತ ಲೇಖನಗಳಿಗೆ ಮೀಸಲಾಗಿರುವುದು ರೂಢಿ. ಆ ರೂಢಿಯಲ್ಲಿ ತಪ್ಪೇನೂ ಇಲ್ಲ. ಆದರೆ ಸಂಪಾದಕ ಮಂಡಳಿಯವರು ನನ್ನಿಂದ ಒಂದು ಬರೆಹವನ್ನು ಅಪೇಕ್ಷಿಸಿದಾಗ, ಈ ಶಾಲೆಯ ಹಳೆವಿದ್ಯಾರ್ಥಿಯೂ, ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಶ್ರವಣ ಪರೀಕ್ಷೆ ಮತ್ತು ವಾಕ್ ಚಿಕಿತ್ಸೆಯ ವೃತ್ತಿಯಲ್ಲಿ ಕಳೆದವನೂ ಆದ ನಾನು ಈ ಶಾಲೆಯ ಬಾಗಿಲಿಗೆ ಬಾರದೆ ಹೋದ ಕೆಲವು ಮಕ್ಕಳ ಬಗ್ಗೆ ಬರೆಯುವುದೇ ಉಚಿತವೆಂದು ತೋರಿತು. ಹುಟ್ಟುಗಿವುಡರಾಗಿದ್ದು, ಒಳಕಿವಿಯ ರಚನೆಯಲ್ಲಿಯೇ ಕೊರತೆಯುಳ್ಳವರಾಗಿದ್ದು, ಕಾಕ್ಲಿಯರ್ ಇಂಪ್ಲಾಂಟ್ ಎಂಬ ಉಪಕರಣವನ್ನು ಪಡೆದು, ಬಳಿಕ ತಮ್ಮ ಮನೆಯವರು ಆಡದ ಭಾಷೆಯಲ್ಲಿ ಮಾತು ಕಲಿಯಬೇಕಾಗಿ ಬಂದ ಮಕ್ಕಳು ಅವರು. ಕಾಸರಗೋಡಿನ ಕನ್ನಡಿಗರ ಮನೆಗಳಲ್ಲಿ ಅಂಥವರನ್ನು ನಾನು ಕಂಡಿದ್ದೇನೆ.

ನನ್ನ ವಾದ ಇಷ್ಟೇ. ಉಪಕರಣವು ನಾದವನ್ನು ತರಬಲ್ಲುದು. ಮಾತನ್ನು ತರುವುದು ಮನೆ. ಒಳಕಿವಿಯ ರಚನೆ ಎಷ್ಟೆಷ್ಟು ದೋಷಯುಕ್ತವೋ ಅಷ್ಟಷ್ಟು ಮಟ್ಟಿಗೆ ಆ ಮಗುವಿಗೆ ಮನೆಯ ನೆರವು ಹೆಚ್ಚಾಗಿ ಬೇಕು. ಆದುದರಿಂದ ಅಂಥ ಮಗುವಿನಿಂದ ಮನೆಮಾತನ್ನು ದೂರವಿರಿಸುವುದು, ಅದು ಎಷ್ಟೇ ಸದುದ್ದೇಶದಿಂದ ನಡೆದಿರಲಿ, ಶಸ್ತ್ರಚಿಕಿತ್ಸೆಯ ಫಲವನ್ನೇ ಕುಂದಿಸುವ ಕಾರ್ಯ. ಈ ಮಾತನ್ನು ಸ್ಪಷ್ಟಪಡಿಸಬೇಕಾದರೆ ಮೊದಲು ಕಿವಿಯ ವಿಚಾರವನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ಓದುಗರು ಸಹನೆಯಿಂದ ಜೊತೆಗೆ ಬರಬೇಕೆಂದು ವಿನಂತಿ.

ಒಳಕಿವಿ ಮತ್ತು ಉಪಕರಣ

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದೇ ಕಾಕ್ಲಿಯ. ಕನ್ನಡದಲ್ಲಿ ಕರ್ಣಶಂಖ ಎನ್ನಬಹುದು. ಅದಕ್ಕೆ ಸುಮಾರು ಎರಡೂವರೆ ಸುತ್ತುಗಳು. ಅದರೊಳಗೆ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಅಲೆಗಳು ಒಳಗಿನ ದ್ರವವನ್ನು ಕಲಕಿದಾಗ ಈ ಕೋಶಗಳು ಆ ಚಲನೆಯನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತವೆ. ಸುಮಾರು 30,000 ತಂತುಗಳುಳ್ಳ ಶ್ರವಣ ನರ ಆ ಸಂಕೇತವನ್ನು ಮಿದುಳಿಗೆ ಒಯ್ಯುತ್ತದೆ. ಶಂಖದ ಬುಡದಲ್ಲಿ ತಾರ ಸ್ವರಗಳೂ ತುದಿಯಲ್ಲಿ ಮಂದ್ರ ಸ್ವರಗಳೂ ಗ್ರಹಿಸಲ್ಪಡುತ್ತವೆ. ವೀಣೆಯ ಮೆಟ್ಟಿಲುಗಳಂತೆ ಪ್ರತಿಯೊಂದು ಸ್ವರಕ್ಕೂ ಅಲ್ಲಿ ಒಂದು ಸ್ಥಾನ ನಿಗದಿಯಾಗಿದೆ.

ರೋಮಕೋಶಗಳು ತೀವ್ರವಾಗಿ ನಷ್ಟವಾದವರಿಗೆ ಸಾಮಾನ್ಯ ಶ್ರವಣ ಸಾಧನದಿಂದ ಪ್ರಯೋಜನ ಅಲ್ಪ. ಶಬ್ದವನ್ನು ಎಷ್ಟು ಹಿಗ್ಗಿಸಿದರೂ ಅದನ್ನು ಸ್ವೀಕರಿಸುವ ಕೋಶಗಳೇ ಅಲ್ಲಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಈ ಕೋಶಗಳನ್ನು ದಾಟಿ ನೇರವಾಗಿ ನರವನ್ನೇ ಪ್ರಚೋದಿಸುತ್ತದೆ. ಕಿವಿಯ ಹಿಂದೆ ಧರಿಸುವ ಹೊರಭಾಗ ಶಬ್ದವನ್ನು ಗ್ರಹಿಸಿ ವಿಂಗಡಿಸುತ್ತದೆ. ಚರ್ಮದಡಿಯಲ್ಲಿ ಇರಿಸಿದ ಒಳಭಾಗ ಅದನ್ನು ಶಂಖದೊಳಗೆ ತೂರಿಸಿದ ತಂತಿಯ ಮೂಲಕ ನರಕ್ಕೆ ಮುಟ್ಟಿಸುತ್ತದೆ. ಆ ತಂತಿಯಲ್ಲಿರುವ ವಿದ್ಯುದ್ವಾರಗಳು ತಯಾರಕರನ್ನು ಅನುಸರಿಸಿ 12ರಿಂದ 22. ಸಾವಿರಾರು ಕೋಶಗಳು ಮಾಡುವ ಕೆಲಸವನ್ನು ಇಪ್ಪತ್ತು ಬಿಂದುಗಳಿಂದ ಮಾಡಿಸುವ ಸಾಹಸವಿದು. ಆದುದರಿಂದ ಇಂಪ್ಲಾಂಟ್ ಕೊಡುವ ಶ್ರವಣವು ಸಹಜ ಶ್ರವಣವಲ್ಲ. ಮಿದುಳು ಅಭ್ಯಾಸದಿಂದ ಅರ್ಥ ಮಾಡಿಕೊಳ್ಳಬೇಕಾದ ಒಂದು ಸಂಕೇತಮಾಲೆ.

1957ರಲ್ಲಿ ಪ್ಯಾರಿಸಿನಲ್ಲಿ ಜೂರ್ನೋ ಮತ್ತು ಐರಿಯೇಸ್ ಎಂಬವರು ಶ್ರವಣ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದ್ದು ಈ ಸಾಧನೆಯ ಮೊದಲ ಹೆಜ್ಜೆ. 1961ರಲ್ಲಿ ಲಾಸ್ ಏಂಜಲೀಸಿನ ವಿಲಿಯಂ ಹೌಸ್ ಅದನ್ನು ಮುಂದುವರಿಸಿದರು. 1978ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ಹಲವು ವಿದ್ಯುದ್ವಾರಗಳುಳ್ಳ ಉಪಕರಣವನ್ನು ಅಳವಡಿಸಿದರು. ಅಮೆರಿಕದ ನಿಯಂತ್ರಣ ಸಂಸ್ಥೆಯು 1984ರಲ್ಲಿ ವಯಸ್ಕರಿಗೂ 1990ರಲ್ಲಿ ಎರಡು ವರ್ಷ ತುಂಬಿದ ಮಕ್ಕಳಿಗೂ ಅನುಮತಿಯನ್ನಿತ್ತಿತು. ಆ ಕಾಲದಲ್ಲಿ ಒಳಕಿವಿಯ ರಚನೆ ಸರಿಯಿಲ್ಲದ ಮಕ್ಕಳನ್ನು ಈ ಚಿಕಿತ್ಸೆಗೆ ಅನರ್ಹರೆಂದು ಹಿಂದಕ್ಕೆ ಕಳುಹಿಸುವುದೇ ಸಾಮಾನ್ಯವಾಗಿತ್ತು. ಇಂದು ಅವರಲ್ಲಿ ಬಹುಮಂದಿಗೆ ಬಾಗಿಲು ತೆರೆದಿದೆ. ಆದರೆ ತೆರೆದ ಬಾಗಿಲಿನ ಆಚೆ ಎಲ್ಲರಿಗೂ ಒಂದೇ ಫಲ ಕಾದಿಲ್ಲ ಎಂಬುದನ್ನು ಹೇಳುವವರು ಕಡಿಮೆ.

ಮೊಂದಿನಿ ಕಂಡ ಬಾಲಕ

ಇಟಲಿಯ ಬೊಲೋನಾ ನಗರದ ಕಾರ್ಲೊ ಮೊಂದಿನಿ ಎಂಬ ಅಂಗರಚನಾ ಪಂಡಿತ 1791ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಹುಟ್ಟಿನಿಂದ ಕಿವುಡನಾಗಿದ್ದ ಎಂಟು ವರ್ಷದ ಬಾಲಕನೊಬ್ಬನ ಕಾಲಿಗೆ ಗಾಡಿಯಿಂದ ಪೆಟ್ಟಾಗಿ, ಆ ಗಾಯ ಕೊಳೆತು ಅವನು ತೀರಿಕೊಂಡಿದ್ದ. ಮೊಂದಿನಿ ಅವನ ಕಿವಿಯನ್ನು ಛೇದಿಸಿ ನೋಡಿದಾಗ ಶಂಖಕ್ಕೆ ಎರಡೂವರೆ ಸುತ್ತಿನ ಬದಲು ಒಂದೂವರೆ ಸುತ್ತು ಮಾತ್ರ ಇತ್ತು; ತುದಿಯ ಭಾಗ ಗೋಡೆಗಳಿಲ್ಲದ ಪೊಳ್ಳಾಗಿತ್ತು. ಕಿವುಡುತನಕ್ಕೆ ಕಣ್ಣಿಗೆ ಕಾಣುವ ಒಂದು ಕಾರಣವನ್ನು ಬೆರಳಿಟ್ಟು ತೋರಿಸಿದ ವಿವರಣೆ ಅದು. ಮಾತಿಲ್ಲದ ಮಗುವನ್ನು ಪೂರ್ವಕರ್ಮದ ಲೆಕ್ಕಕ್ಕೋ ತಾಯಿ ಗ್ರಹಣ ನೋಡಿದಳೆಂಬ ಆಪಾದನೆಗೋ ಕಟ್ಟುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅವರು ಈ ಇನ್ನೂರು ವರ್ಷ ಹಳೆಯ ಸಂಗತಿಯನ್ನು ಅರಿಯುವುದು ಒಳ್ಳೆಯದು. ಗರ್ಭದ ಮೊದಲ ಎರಡು ತಿಂಗಳಲ್ಲಿ ಒಳಕಿವಿಯ ಬೆಳವಣಿಗೆ ಯಾವ ಹಂತದಲ್ಲಿ ನಿಂತಿತು ಎಂಬುದರ ಮೇಲೆ ದೋಷದ ಸ್ವರೂಪ ಬಹಳಮಟ್ಟಿಗೆ ಅವಲಂಬಿಸಿದೆ. ಅದರಲ್ಲಿ ತಾಯಿಯ ತಪ್ಪೇನೂ ಇಲ್ಲ.

ಹುಟ್ಟುಗಿವುಡರಾದ ಮಕ್ಕಳಲ್ಲಿ ಸುಮಾರು ಶೇಕಡಾ 20ರಷ್ಟು ಮಂದಿಯ ಒಳಕಿವಿಯ ಎಲುಬಿನ ರಚನೆಯಲ್ಲಿ ಸ್ಕ್ಯಾನಿನಲ್ಲಿ ಗೋಚರಿಸುವ ದೋಷವಿರುತ್ತದೆ. ಮಿಕ್ಕವರಲ್ಲಿ ಎಲುಬಿನ ಆಕಾರ ಸರಿಯಾಗಿದ್ದು ಕೋಶಗಳ ಮಟ್ಟದಲ್ಲಿ ಮಾತ್ರ ಕೊರತೆ. ಹಿಂದೆ ಕಂಡ ದೋಷವನ್ನೆಲ್ಲ 'ಮೊಂದಿನಿ' ಎಂದು ಒಂದೇ ಹೆಸರಿನಿಂದ ಕರೆಯುವ ವಾಡಿಕೆಯಿತ್ತು. 1987ರಲ್ಲಿ ಅಮೆರಿಕದ ಜ್ಯಾಕ್ಲರ್ ಮತ್ತು ಸಂಗಡಿಗರೂ 2002ರಲ್ಲಿ ಟರ್ಕಿಯ ಸೆನ್ನಾರೋಗ್ಲು ಮತ್ತು ಸಾಚಿ ಅವರೂ ಇವುಗಳನ್ನು ವಿಂಗಡಿಸಿದರು. ಈ ವಿಂಗಡಣೆ ಪಂಡಿತರ ಕಸರತ್ತಲ್ಲ. ಮಗು ಮುಂದೆ ಎಷ್ಟು ಕೇಳೀತು ಎಂಬ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ತೊಡಗುತ್ತದೆ.

ಎಲ್ಲ ಕಿವಿಗಳೂ ಒಂದೇ ಅಲ್ಲ

ಮೊದಲನೆಯ ಗುಂಪು ಸೌಮ್ಯ ದೋಷಗಳದು. ಒಳಕಿವಿಯಿಂದ ಹೊರಡುವ ಒಂದು ಕಿರುನಾಳ ಅಗತ್ಯಕ್ಕಿಂತ ಅಗಲವಾಗಿರುವುದು ಇವುಗಳಲ್ಲಿ ಸಾಮಾನ್ಯ. ಇಂಥ ಮಕ್ಕಳು ಹುಟ್ಟುವಾಗ ತಕ್ಕಮಟ್ಟಿಗೆ ಕೇಳುತ್ತಿದ್ದು, ಜ್ವರವೋ ತಲೆಗೆ ತಗುಲಿದ ಸಣ್ಣ ಪೆಟ್ಟೋ ನಿಮಿತ್ತವಾಗಿ ಮೆಟ್ಟಿಲು ಮೆಟ್ಟಿಲಾಗಿ ಶ್ರವಣವನ್ನು ಕಳೆದುಕೊಳ್ಳುವುದುಂಟು. ಮೊಂದಿನಿ ವರ್ಣಿಸಿದ ಒಂದೂವರೆ ಸುತ್ತಿನ ಶಂಖವೂ ಬಹುಮಟ್ಟಿಗೆ ಈ ನಾಳದ ಜೊತೆಗೇ ಕಾಣಿಸಿಕೊಳ್ಳುತ್ತದೆ. ಇವರಲ್ಲಿ ನರ ಚೆನ್ನಾಗಿರುತ್ತದೆ. ಶಂಖದ ಬುಡದ ಸುತ್ತು ಸರಿಯಾಗಿರುತ್ತದೆ. ಸಕಾಲದಲ್ಲಿ ಇಂಪ್ಲಾಂಟ್ ಆದರೆ ಇವರ ಫಲಿತಾಂಶ ಸಹಜ ರಚನೆಯ ಶಂಖವುಳ್ಳ ಮಕ್ಕಳ ಫಲಿತಾಂಶಕ್ಕೆ ಬಹಳ ಸಮೀಪದಲ್ಲಿರುತ್ತದೆ. 'ರಚನಾದೋಷ' ಎಂಬ ಶಬ್ದ ಕೇಳಿದ ಮಾತ್ರಕ್ಕೆ ಧೈರ್ಯಗೆಡುವ ತಂದೆತಾಯಿಗಳಿಗೆ ಇದನ್ನು ಒತ್ತಿ ಹೇಳಬೇಕು.

ಎರಡನೆಯ ಗುಂಪು ತೀವ್ರ ದೋಷಗಳದು. ಕೆಲವರಲ್ಲಿ ಶಂಖ ಕುಬ್ಜವಾಗಿರುತ್ತದೆ. ಕೆಲವರಲ್ಲಿ ಒಳಗಿನ ಗೋಡೆಗಳೇ ಇಲ್ಲದೆ ಖಾಲಿ ಚೀಲದಂತಿರುತ್ತದೆ. ಇನ್ನು ಕೆಲವರಲ್ಲಿ ಶಂಖವೂ ಸಮತೋಲನದ ಅಂಗವೂ ಬೇರ್ಪಡದೆ ಒಂದೇ ಗುಹೆಯಾಗಿ ಉಳಿದಿರುತ್ತವೆ. ಇಂಥಲ್ಲಿ ನರತಂತುಗಳು ಎಲ್ಲಿ ಹರಡಿವೆಯೆಂದು ಖಚಿತವಾಗಿ ಹೇಳಲಾಗದು. ಶಸ್ತ್ರಚಿಕಿತ್ಸೆಯೂ ಕಠಿಣ. ಮುಖದ ನರ ತನ್ನ ಸಹಜ ಹಾದಿಯನ್ನು ಬಿಟ್ಟು ಬೇರೆಡೆ ಇರಬಹುದು. ಕಿವಿಯನ್ನು ತೆರೆದೊಡನೆ ಮಿದುಳಿನ ಸುತ್ತಲ ದ್ರವ ಒರತೆಯಂತೆ ಚಿಮ್ಮಬಹುದು. ಗಂಡುಮಕ್ಕಳಲ್ಲಿ ವಂಶವಾಹಿಯಾಗಿ ಬರುವ ಒಂದು ಬಗೆಯ ದೋಷದಲ್ಲಿ ಇದು ಬಹುತೇಕ ನಿಶ್ಚಿತ. ಮಿದುಳುಪೊರೆಯ ಉರಿಯೂತದ ಅಪಾಯ ಈ ಮಕ್ಕಳಿಗೆ ಹೆಚ್ಚಾಗಿರುವುದರಿಂದ ನ್ಯೂಮೊಕಾಕಸ್ ಲಸಿಕೆಯನ್ನು ತಪ್ಪದೆ ಹಾಕಿಸಬೇಕು. ಉಪಕರಣವನ್ನು ಚಾಲೂ ಮಾಡಿದ ಮೇಲೂ ತೊಡಕುಗಳಿವೆ. ಹೆಚ್ಚು ವಿದ್ಯುತ್ ಬೇಕಾಗುತ್ತದೆ, ಅದು ಮುಖದ ನರಕ್ಕೆ ತಗುಲಿ ಕಣ್ಣರೆಪ್ಪೆ ಅಥವಾ ತುಟಿ ಅದುರುತ್ತದೆ, ಆಗ ಕೆಲವು ವಿದ್ಯುದ್ವಾರಗಳನ್ನು ನಿಲ್ಲಿಸಬೇಕಾಗುತ್ತದೆ. ಇವರಲ್ಲಿ ಫಲಿತಾಂಶ ಮಗುವಿನಿಂದ ಮಗುವಿಗೆ ಬಹಳ ಭಿನ್ನ. ಕೆಲವರು ಮಾತನ್ನು ಕೇಳಿಯೇ ಗ್ರಹಿಸುತ್ತಾರೆ. ಹಲವರು ತುಟಿಗಳನ್ನು ನೋಡುತ್ತ ಕೇಳುತ್ತಾರೆ. ಕೆಲವರು ಶಬ್ದ ಉಂಟಾಯಿತೆಂದಷ್ಟೇ ಅರಿಯುತ್ತಾರೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ನರದ ಕೊರತೆ. ಶಂಖದ ಆಕಾರ ಸರಿಯಾಗಿದ್ದರೂ ಶ್ರವಣ ನರ ಎಳೆಯಷ್ಟು ತೆಳುವಾಗಿದ್ದರೆ ಅಥವಾ ಇಲ್ಲವಾಗಿದ್ದರೆ ಸಂಕೇತ ಮಿದುಳನ್ನು ಮುಟ್ಟುವ ದಾರಿಯೇ ಇಕ್ಕಟ್ಟು. ಇದನ್ನು ಎಲುಬನ್ನು ತೋರಿಸುವ ಸಿ.ಟಿ. ಸ್ಕ್ಯಾನ್ ಮಾತ್ರದಿಂದ ತಿಳಿಯಲಾಗದು. ನರವನ್ನು ತೋರಿಸುವ ಎಂ.ಆರ್.ಐ. ಬೇಕು. ನನ್ನ ಅನುಭವದಲ್ಲಿ ಫಲಿತಾಂಶವನ್ನು ನಿರ್ಣಯಿಸುವುದು ಶಂಖದ ಆಕಾರಕ್ಕಿಂತ ಹೆಚ್ಚಾಗಿ ಈ ನರವೇ. ಆದರೂ ಎಂ.ಆರ್.ಐ.ಯಲ್ಲಿ ನರ ಕಾಣಿಸದ ಕೆಲವು ಮಕ್ಕಳು ಇಂಪ್ಲಾಂಟ್ ಆದ ಮೇಲೆ ಶಬ್ದಕ್ಕೆ ತಿರುಗಿ ನೋಡಿರುವುದುಂಟು. ಕೆಲವು ತಂತುಗಳು ಸಮತೋಲನದ ನರದ ಜೊತೆಗೂಡಿ ಮಿದುಳಿಗೆ ಹೋಗಿರಬಹುದು. ಶಂಖವಾಗಲಿ ನರವಾಗಲಿ ಇಲ್ಲವೇ ಇಲ್ಲ ಎಂದಾದಾಗ ಮಿದುಳುಕಾಂಡದ ಮೇಲೆಯೇ ವಿದ್ಯುದ್ವಾರಗಳನ್ನು ಇರಿಸುವ ಇನ್ನೊಂದು ವಿಧಾನವಿದೆ. 1979ರಲ್ಲಿ ಲಾಸ್ ಏಂಜಲೀಸಿನಲ್ಲಿ ನರದ ಗಡ್ಡೆಯುಳ್ಳ ರೋಗಿಗೆ ಮೊದಲು ಮಾಡಲಾದ ಆ ಚಿಕಿತ್ಸೆಯನ್ನು ಈ ಶತಮಾನದ ಆದಿಯಲ್ಲಿ ಇಟಲಿಯ ವಿತ್ತೋರಿಯೊ ಕೊಲೆತ್ತಿ ಅವರು ನರವಿಲ್ಲದೆ ಹುಟ್ಟಿದ ಮಕ್ಕಳಿಗೂ ವಿಸ್ತರಿಸಿದರು. ಅದರಿಂದ ಹೆಚ್ಚಿನ ಮಕ್ಕಳಿಗೆ ದೊರೆಯುವುದು ಶಬ್ದದ ಅರಿವು ಮತ್ತು ತುಟಿಯೋದಿಗೆ ಒಂದಿಷ್ಟು ಆಸರೆ. ಕೇಳಿಯೇ ಸಂಭಾಷಿಸುವಷ್ಟು ಮುಂದುವರಿಯುವವರು ಕೆಲವರೇ.

ಗೆಲುವೆಂದರೆ ಯಾವುದು?

ನಮ್ಮಲ್ಲಿ ಇಂಪ್ಲಾಂಟನ್ನು ಕನ್ನಡಕದಂತೆ ಭಾವಿಸುವವರೇ ಹೆಚ್ಚು. ಹಾಕಿದೊಡನೆ ಕೇಳಬೇಕು, ಕೇಳಿದೊಡನೆ ಮಾತು ಬರಬೇಕು. ಮದುವೆ ಮನೆಯಲ್ಲಿ ದೊಡ್ಡಮ್ಮನೋ ಮಾವನೋ ಮಗುವಿನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ಪರೀಕ್ಷಿಸುತ್ತಾರೆ. "ಇಂಥವರ ಮಗ ಪೋನಿನಲ್ಲಿ ಮಾತಾಡುತ್ತಾನಂತೆ, ಇವನಿಗೆ ಇನ್ನೂ ಅಮ್ಮ ಎನ್ನಲೂ ಬರುವುದಿಲ್ಲವಲ್ಲ" ಎನ್ನುತ್ತಾರೆ. ಆ ಒಂದು ಮಾತಿನಿಂದ ಎಷ್ಟೋ ತಾಯಂದಿರು ಚಿಕಿತ್ಸೆಗೆ ಬರುವುದನ್ನೇ ನಿಲ್ಲಿಸಿದ್ದನ್ನು ನಾನು ಬಲ್ಲೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ತಜ್ಞರು 1995ರಲ್ಲಿ ಶ್ರವಣ ಸಾಮರ್ಥ್ಯದ ಒಂದು ಏಣಿಯನ್ನು ರೂಪಿಸಿದರು. ಸೊನ್ನೆಯಿಂದ ಏಳರವರೆಗೆ ಅದರ ಮೆಟ್ಟಿಲುಗಳು. ಸೊನ್ನೆಯಲ್ಲಿ ಯಾವ ಶಬ್ದದ ಅರಿವೂ ಇಲ್ಲ. ಒಂದರಲ್ಲಿ ಸುತ್ತಲ ಶಬ್ದಗಳ ಅರಿವಿದೆ. ಎರಡರಲ್ಲಿ ಮಾತಿನ ದನಿಗೆ ಪ್ರತಿಕ್ರಿಯೆಯಿದೆ. ಮೂರರಲ್ಲಿ ಶಬ್ದ ಯಾವುದರದೆಂದು ಗುರುತಿಸುವ ಶಕ್ತಿಯಿದೆ. ನಾಲ್ಕರಲ್ಲಿ ಮಾತಿನ ದನಿಗಳ ನಡುವಣ ಭೇದ ತಿಳಿಯುತ್ತದೆ. ಐದರಲ್ಲಿ ತುಟಿ ನೋಡದೆ ಬಳಕೆಯ ವಾಕ್ಯಗಳೂ ಆರರಲ್ಲಿ ಸಂಭಾಷಣೆಯೂ ಅರ್ಥವಾಗುತ್ತವೆ. ಏಳರಲ್ಲಿ ಪರಿಚಿತರೊಡನೆ ದೂರವಾಣಿಯಲ್ಲಿ ಮಾತಾಡಬಹುದು. ಸೌಮ್ಯ ದೋಷದ ಮಗು ಏಳನೆಯ ಮೆಟ್ಟಿಲನ್ನೇರುವುದು ಅಸಾಧ್ಯವೇನಲ್ಲ. ಆದರೆ ನರವೇ ಕೃಶವಾಗಿರುವ ಮಗು ಸೊನ್ನೆಯಿಂದ ಮೂರಕ್ಕೆ ಬಂದು, ಬಸ್ಸಿನ ಹಾರನ್ ಯಾವುದು, ನಾಯಿಯ ಬೊಗಳು ಯಾವುದು, ಅಜ್ಜಿ ಕರೆದದ್ದು ಯಾವುದು ಎಂದು ತಿಳಿದು ತಿರುಗಿದರೆ ಅದನ್ನು ಸೋಲೆನ್ನಲು ನಾನು ಸಿದ್ಧನಿಲ್ಲ. ರಸ್ತೆ ದಾಟುವ ಮಗುವಿಗೆ ಆ ಮೂರು ಮೆಟ್ಟಿಲು ಪ್ರಾಣರಕ್ಷಣೆ.

ಒಂದೇ ಏಣಿಯ ತುದಿಯನ್ನು ಎಲ್ಲ ಮಕ್ಕಳಿಗೂ ಗುರಿಯಾಗಿ ಒಡ್ಡುವುದು ಅನ್ಯಾಯ. ಹಾಗೆಯೇ, 'ಈ ಕಿವಿಯಿಂದ ಏನೂ ಆಗದು' ಎಂದು ಮೊದಲೇ ತೀರ್ಪು ಕೊಡುವುದೂ ಅನ್ಯಾಯ. ಈ ಎರಡರ ನಡುವಣ ಸತ್ಯವನ್ನು ಶಸ್ತ್ರಚಿಕಿತ್ಸೆಗೆ ಮುನ್ನ ತಂದೆತಾಯಿಗಳಿಗೆ ಅವರು ಬಲ್ಲ ಭಾಷೆಯಲ್ಲಿ ಹೇಳುವುದು ವೈದ್ಯರ ಕರ್ತವ್ಯ. ಕೇಳಿ ತಿಳಿಯುವುದು ಹೆತ್ತವರ ಹಕ್ಕು. ಸ್ಕ್ಯಾನಿನಲ್ಲಿ ಕಂಡ ದೋಷ ಯಾವ ಬಗೆಯದು, ನರ ಹೇಗಿದೆ, ಎರಡು ಕಿವಿಗಳಲ್ಲಿ ಯಾವುದು ಮೇಲು, ಈ ಬಗೆಯ ಕಿವಿಯಿಂದ ಏನನ್ನು ನಿರೀಕ್ಷಿಸಬಹುದು, ತರುವಾಯದ ತರಬೇತಿ ಯಾವ ಭಾಷೆಯಲ್ಲಿ ನಡೆಯುತ್ತದೆ. ಈ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರೆಂದು ನನ್ನ ಸಲಹೆ. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದು ಉಳಿದ ನಾಲ್ಕಕ್ಕಿಂತ ಸಣ್ಣದಲ್ಲ.

ಯಾವ ಮಾತಿನಲ್ಲಿ?

ಕೇರಳ ಸರಕಾರವು 2012ರಲ್ಲಿ ಆರಂಭಿಸಿದ 'ಶ್ರುತಿತರಂಗಂ' ಯೋಜನೆಯಿಂದ ಬಡ ಕುಟುಂಬಗಳ ಎಳೆಯ ಮಕ್ಕಳಿಗೆ ಇಂಪ್ಲಾಂಟ್ ಉಚಿತವಾಗಿ ದೊರೆಯುವಂತಾಯಿತು. ಕೇಂದ್ರ ಸರಕಾರವೂ ತನ್ನ ಎ.ಡಿ.ಐ.ಪಿ. ಯೋಜನೆಯನ್ನು 2014ರಲ್ಲಿ ಪರಿಷ್ಕರಿಸಿದಾಗ ಒಂದು ಇಂಪ್ಲಾಂಟಿಗೆ 6 ಲಕ್ಷ ರೂಪಾಯಿವರೆಗೆ ನೆರವನ್ನು ಗೊತ್ತುಪಡಿಸಿತು. ಲಕ್ಷಗಟ್ಟಲೆ ಬೆಲೆಯ ಉಪಕರಣವು ಕೂಲಿಕಾರರ ಮಗುವಿಗೂ ಎಟಕುವಂತೆ ಮಾಡಿದ ಈ ಯೋಜನೆಗಳನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ರಾಜ್ಯದ ನೆರವು ಪಡೆದವರು ರಾಜ್ಯದೊಳಗಿನ ಆಸ್ಪತ್ರೆಗೆ ಹೋಗುವುದು ಸಹಜ; ಅಲ್ಲಿನ ತರಬೇತಿ ಮಲಯಾಳದಲ್ಲಿ ನಡೆಯುವುದೂ ಸಹಜ. ಅಲ್ಲಿನ ಚಿಕಿತ್ಸಕಿಯರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ನನ್ನ ಆಕ್ಷೇಪ ಅವರ ಮೇಲಲ್ಲ, "ಮಗುವಿನ ಜೊತೆ ಮನೆಯಲ್ಲಿಯೂ ತರಬೇತಿಯ ಭಾಷೆಯನ್ನೇ ಆಡಿರಿ, ಬೇರೆ ಮಾತು ಬೇಡ" ಎಂದು ಗಡಿಭಾಗದ ಹೆತ್ತವರಿಗೆ ಕೊಡಲಾಗುವ ಉಪದೇಶದ ಮೇಲೆ.

ಈ ಉಪದೇಶಕ್ಕೆ ಕಾರಣವಿಲ್ಲದಿಲ್ಲ. ಕಿವಿಗೆ ಬೀಳುವುದೇ ಅಲ್ಪವಾಗಿರುವಾಗ ಅದನ್ನು ಎರಡು ಭಾಷೆಗಳಿಗೆ ಹಂಚಿದರೆ ಯಾವುದೂ ನೆಲೆಯೂರದು ಎಂಬುದು ಒಂದು ಭಯ. ಮುಂದೆ ಶಾಲೆಯೂ ಉದ್ಯೋಗವೂ ರಾಜ್ಯಭಾಷೆಯಲ್ಲಿರುವಾಗ ಮೊದಲೇ ಅದನ್ನು ಕಲಿಯಲಿ ಎಂಬುದು ಇನ್ನೊಂದು ವಾದ. ಮೊದಲನೆಯದು ಪ್ರಾಮಾಣಿಕ ಭಯವಾದರೂ ಹೊರದೇಶಗಳಲ್ಲಿ ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಇಂಪ್ಲಾಂಟ್ ಮಕ್ಕಳನ್ನು ಗಮನಿಸಿದ ಅಧ್ಯಯನಗಳು ಅದನ್ನು ಸಮರ್ಥಿಸಿಲ್ಲ. ಮನೆಮಾತಿಗೆ ಆಸರೆ ಸಿಕ್ಕಿದ ಮಕ್ಕಳು ಎರಡನೆಯ ಭಾಷೆಯಲ್ಲಿ ಹಿಂದೆ ಬಿದ್ದಿಲ್ಲ. ಎರಡನೆಯ ವಾದಕ್ಕೆ ಉತ್ತರ ಇನ್ನೂ ಸರಳ. ಒಂದು ಭಾಷೆಯೂ ಬಾರದ ಮಗುವಿಗೆ ಉದ್ಯೋಗದ ಭಾಷೆಯ ಚಿಂತೆ ಏಕೆ? ಮೊದಲು ಒಂದು ಭಾಷೆ ಬೇರೂರಲಿ.

ಲೆಕ್ಕವನ್ನು ನೋಡಿರಿ. ವಾರಕ್ಕೆ ಎರಡು ದಿನ, ದಿನಕ್ಕೊಂದು ಗಂಟೆ ತರಬೇತಿಯೆಂದರೆ ವಾರಕ್ಕೆ ಎರಡು ಗಂಟೆ. ಎಳೆಯ ಮಗು ದಿನಕ್ಕೆ ಹನ್ನೆರಡು ಗಂಟೆ ಎಚ್ಚರವಿರುತ್ತದೆಯೆಂದರೆ ವಾರಕ್ಕೆ ಎಂಬತ್ತನಾಲ್ಕು ಗಂಟೆ. ಮಿಕ್ಕ ಎಂಬತ್ತೆರಡು ಗಂಟೆಗಳ ಭಾಷೆ ತಾಯಿ, ಅಜ್ಜಿ, ಅಣ್ಣ, ನೆರೆಮನೆಯವರದು. ಹರಿದುಬರುವ ಮಾತಿನಲ್ಲಿ ಅಕ್ಕರೆ, ಗದರಿಕೆ, ಗಾದೆ, ಜೋಗುಳ ಎಲ್ಲವೂ ಇರುತ್ತವೆ. ಅದೇ ತಾಯಿಗೆ ಬಾರದ ಭಾಷೆಯಲ್ಲಿ ಮಾತಾಡೆಂದರೆ ಅವಳ ಬಾಯಲ್ಲಿ ಉಳಿಯುವುದು "ಬಾ, ಹೋಗು, ಉಣ್ಣು, ಕುಳಿತುಕೋ" ಎಂಬಂಥ ಹತ್ತಿಪ್ಪತ್ತು ಶಬ್ದಗಳು. ಅಜ್ಜಿಯಂತೂ ಮೌನವಾಗುತ್ತಾಳೆ. ಅಡಿಕೆ ತೋಟದ ಮನೆಯೊಂದರಲ್ಲಿ ಹಾಗೆ ಮೌನವಾದ ಅಜ್ಜಿಯೊಬ್ಬರನ್ನು ಕಂಡಿದ್ದೇನೆ. "ನಾನು ಮಾತಾಡಿದರೆ ಮಗುವಿಗೆ ಕೇಡಂತೆ ಮಾಸ್ತರರೇ" ಎಂದು ಅವರು ನನ್ನನ್ನು ಕೇಳಿದರು. ಲಕ್ಷಾಂತರ ರೂಪಾಯಿಯ ಉಪಕರಣವನ್ನು ಕಿವಿಗೆ ಅಳವಡಿಸಿ, ಕೇಳಬೇಕಾದ ಬಾಯನ್ನು ಮುಚ್ಚಿಸಿದಂತಾಗಲಿಲ್ಲವೇ?

ಒಳಕಿವಿಯ ರಚನಾದೋಷದ ಸಂಗತಿ ಇಲ್ಲಿ ಮತ್ತೆ ಬರುತ್ತದೆ. ಇಂಪ್ಲಾಂಟ್ ದನಿಯ ಕಾಲವನ್ನು ಚೆನ್ನಾಗಿ ಒಯ್ಯುತ್ತದೆ. ಉಚ್ಚಾರಣೆಯ ಸ್ಥಾನಭೇದವನ್ನು ಅಷ್ಟು ಚೆನ್ನಾಗಿ ಒಯ್ಯಲಾರದು. ಹಾಗಾಗಿ 'ಬಳೆ' ಮತ್ತು 'ಬಾಳೆ' ಇವುಗಳ ಅಂತರ ಮಗುವಿಗೆ ಬೇಗ ಹತ್ತುತ್ತದೆ. 'ಹಲ್ಲಿ' ಮತ್ತು 'ಹಳ್ಳಿ' ಇವುಗಳ ಅಂತರ ಸುಲಭದಲ್ಲಿ ಹತ್ತದು. ಶಂಖವೂ ನರವೂ ಸರಿಯಿಲ್ಲದ ಕಿವಿಗೆ ಈ ಅಸ್ಪಷ್ಟತೆ ಇನ್ನೂ ಹೆಚ್ಚು. ಆ ಮಗು ಅರ್ಧ ಕೇಳಿ ಇನ್ನರ್ಧವನ್ನು ಸಂದರ್ಭದಿಂದ ಊಹಿಸಬೇಕು. 'ಗೋಡೆಯ ಮೇಲೆ ಹಲ್ಲಿ' ಎಂದಾಗ ಅಲ್ಲಿ ಹಳ್ಳಿ ಇರಲಾರದೆಂಬ ಊಹೆಯೇ ಅದರ ಕಿವಿಗೆ ಊರುಗೋಲು. ಊಹೆಗೆ ಬೇಕಾದುದು ಪರಿಚಿತ ಬಾಯಿ, ಪರಿಚಿತ ಮುಖ, ಪ್ರತಿದಿನ ಪುನರಾವರ್ತನೆಯಾಗುವ ಸಮೃದ್ಧವಾದ ಮಾತು. ಇದು ಮನೆಮಾತಿನಲ್ಲಲ್ಲದೆ ಬೇರೆಲ್ಲಿ ದೊರಕೀತು? ಸಹಜ ಶಂಖವುಳ್ಳ ಮಗು ಅನ್ಯಭಾಷೆಯ ತರಬೇತಿಯಿಂದಲೂ ಹೇಗೋ ದಡ ಸೇರಬಹುದು. ದೋಷವುಳ್ಳ ಕಿವಿಯ ಮಗುವಿಗೆ ಆ ಹೆಚ್ಚಿನ ಹೊರೆಯನ್ನು ಹೊರುವ ತ್ರಾಣವಿಲ್ಲ.

ಮನೆಮಾತು ಎಂದಾಗ ನಾನು ಕನ್ನಡವೊಂದನ್ನೇ ಹೇಳುತ್ತಿಲ್ಲ ಎಂಬುದನ್ನೂ ಸ್ಪಷ್ಟಪಡಿಸಬೇಕು. ನಮ್ಮ ಶಾಲೆಯ ಮಕ್ಕಳಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಮನೆಮಾತಿನವರೂ ಇದ್ದಾರೆ. ತುಳು ಆಡುವ ಮನೆಯ ಕಿವುಡು ಮಗುವಿಗೆ ಮೊದಲ ಭಾಷೆ ತುಳುವೇ ಆಗಬೇಕು, ಕನ್ನಡದ ಅಭಿಮಾನದಿಂದ ಅದನ್ನು ನಾವು ತಪ್ಪಿಸಬಾರದು. ಗಡಿನಾಡಿನಲ್ಲಿ ನಾವು ಬಯಸುವ ನ್ಯಾಯವನ್ನು ನಾವೂ ಕೊಡಬೇಕಷ್ಟೆ. ಮೊದಲ ಮಾತು ನೆಲೆನಿಂತ ಮೇಲೆ ಕನ್ನಡ ಶಾಲೆಯ ಭಾಷೆಯಾಗಿ, ಮಲಯಾಳ ಪೇಟೆಯ ಭಾಷೆಯಾಗಿ ಬರಲಿ. ನಮ್ಮ ಜಿಲ್ಲೆಯ ಕೇಳುವ ಮಕ್ಕಳೆಲ್ಲ ಹಾಗೆಯೇ ತಾನೆ ಬೆಳೆದಿರುವುದು? ನರ ತೀರ ಕೃಶವಾಗಿದ್ದು ಕಿವಿಯ ದಾರಿಯಿಂದ ಭಾಷೆ ಬಾರದ ಮಕ್ಕಳಿಗಾದರೋ ಸಂಜ್ಞಾ ಭಾಷೆಯನ್ನು ಎಳವೆಯಲ್ಲಿಯೇ ಕಲಿಸಬೇಕು. ಅದು ಸೋತವರ ದಾರಿಯೆಂಬ ಭಾವನೆ ಬೇಡ. ಐದಾರು ವರ್ಷ ಇಂಪ್ಲಾಂಟಿನ ಫಲವನ್ನು ಕಾಯುತ್ತ ಯಾವ ಭಾಷೆಯೂ ಇಲ್ಲದೆ ಮಗುವನ್ನು ಇರಿಸುವುದಕ್ಕಿಂತ ದೊಡ್ಡ ಸೋಲು ಬೇರೊಂದಿಲ್ಲ.

ಮಾಡಬೇಕಾದುದೇನು?

ನಮ್ಮ ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯನ್ನು ಗಡಿನಾಡಿನ ಕನ್ನಡಿಗರೆಲ್ಲ ಬಲ್ಲರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಆ ವಿಧಿಯನ್ನು ಆಧರಿಸಿ ನಾವು ಶಾಲೆ, ಪಠ್ಯಪುಸ್ತಕ, ಅಧ್ಯಾಪಕರಿಗಾಗಿ ಹೋರಾಡಿದ್ದೇವೆ. ಕಿವುಡು ಮಗುವಿಗೆ ವಾಕ್ ತರಬೇತಿಯ ಕೋಣೆಯೇ ಮೊದಲ ಶಾಲೆ ಎಂಬುದು ಮಾತ್ರ ನಮ್ಮ ಮನವಿಪತ್ರಗಳಲ್ಲಿ ಇದುವರೆಗೆ ಕಾಣಿಸಿದ್ದನ್ನು ನಾನರಿಯೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವೂ ಕಿವುಡರ ಶಿಕ್ಷಣ ಅವರಿಗೆ ಅತ್ಯಂತ ಸೂಕ್ತವಾದ ಭಾಷೆ ಮತ್ತು ವಿಧಾನಗಳಲ್ಲಿ ನಡೆಯಬೇಕೆಂದು ವಿಧಿಸಿದೆ. ಈ ಎರಡನ್ನೂ ಜೋಡಿಸಿ, ಜಿಲ್ಲೆಯಲ್ಲಿ ಕನ್ನಡ ಮತ್ತು ತುಳು ಬಲ್ಲ ವಾಕ್ ಚಿಕಿತ್ಸಕರೊಬ್ಬರ ನೇಮಕವನ್ನು ಸರಕಾರದಿಂದ ಕೇಳುವುದು ನಮ್ಮ ಮೊದಲ ಕೆಲಸವಾಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಶ್ರವಣ ಪರೀಕ್ಷೆಗೆ ಪದಪಟ್ಟಿಗಳು ಸಿದ್ಧವಾಗಿವೆ. ಸಾಮಗ್ರಿ ಇಲ್ಲವೆಂಬ ನೆವಕ್ಕೆ ಅವಕಾಶವಿಲ್ಲ.

ಸರಕಾರದ ನೇಮಕವನ್ನು ಕಾಯುತ್ತ ಕೂರುವ ಅಗತ್ಯವೂ ಇಲ್ಲ. ಈ ಶಾಲೆ ಹುಟ್ಟಿದ್ದು ಸರಕಾರದ ಆದೇಶದಿಂದಲ್ಲ, ಊರವರು ಹೊತ್ತ ಕಲ್ಲು ಮಣ್ಣಿನಿಂದ. ಮಹೋತ್ಸವದ ನಿಧಿಯಲ್ಲಿ ಒಂದಂಶವನ್ನು ಮೂರು ಕೆಲಸಗಳಿಗೆ ಮೀಸಲಿರಿಸಬೇಕೆಂದು ಹಳೆವಿದ್ಯಾರ್ಥಿ ಸಂಘವನ್ನು ಕೇಳಿಕೊಳ್ಳುತ್ತೇನೆ. ಮೊದಲನೆಯದು, ಶಿಶುವರ್ಗದ ಪಕ್ಕದಲ್ಲಿ ಒಂದು ನಿಶ್ಶಬ್ದ ಕೋಣೆ. ಜೂನ್ ತಿಂಗಳ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗ ಕೇಳುವ ಮಕ್ಕಳಿಗೇ ಪಾಠ ಕೇಳಿಸದು. ಇಂಪ್ಲಾಂಟಿನ ಮಗುವಿಗಂತೂ ಆ ಗದ್ದಲದಲ್ಲಿ ಮಾತೆಂಬುದೇ ಉಳಿಯದು. ಒಳಮಾಡು, ದಪ್ಪ ಪರದೆ, ಮುಂದಿನ ಬೆಂಚು, ಅಧ್ಯಾಪಕರ ದನಿಯನ್ನು ನೇರವಾಗಿ ಉಪಕರಣಕ್ಕೆ ಕಳುಹಿಸುವ ಒಂದು ಚಿಕ್ಕ ಮೈಕು, ಇಷ್ಟು ಸಾಕು. ಎರಡನೆಯದು, ದುರಸ್ತಿಯ ನಿಧಿ. ಉಪಕರಣ ಉಚಿತವಾಗಿ ಬಂದರೂ ಅದರ ಬ್ಯಾಟರಿ, ತಂತಿ, ಹೊರಭಾಗದ ರಿಪೇರಿ ಎಲ್ಲವೂ ದುಬಾರಿ. ಬ್ಯಾಟರಿಯಿಲ್ಲದೆ ಕಪಾಟಿನಲ್ಲಿ ಮಲಗಿದ ಇಂಪ್ಲಾಂಟ್ ಇದ್ದೂ ಇಲ್ಲದಂತೆ. ಮೂರನೆಯದು, ಹಿರಿಯರ ಸಮಯ. ಕಥೆ ಹೇಳುವ, ಚಿತ್ರ ತೋರಿಸಿ ಮಾತಾಡಿಸುವ ನಿವೃತ್ತ ಅಧ್ಯಾಪಕಿಯರು ನಮ್ಮಲ್ಲಿ ಹಲವರಿದ್ದಾರೆ. ದೂರದ ಊರುಗಳಲ್ಲಿ ವಾಕ್ ಚಿಕಿತ್ಸಕರಾಗಿರುವ ನಮ್ಮ ಹಳೆವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ದೂರವಾಣಿಯ ಪರದೆಯ ಮೇಲೆ ಅವರಿಗೆ ಮಾರ್ಗದರ್ಶನ ನೀಡಬಹುದು.

ವಿಳಂಬಕ್ಕೆ ಮಾತ್ರ ಅವಕಾಶವಿಲ್ಲ. ಹುಟ್ಟುಗಿವುಡು ಮಗುವಿನ ಮಿದುಳಿನ ಶ್ರವಣ ಭಾಗ ಮೂರೂವರೆ ವರ್ಷದೊಳಗೆ ಶಬ್ದವನ್ನು ಪಡೆದರೆ ಸಹಜವಾಗಿ ಬೆಳೆಯುವ ಸಂಭವ ಹೆಚ್ಚು. ಏಳು ವರ್ಷ ದಾಟಿದ ಮೇಲೆ ಆ ಅವಕಾಶ ಬಹಳ ಕುಗ್ಗುತ್ತದೆ. ನಮ್ಮ ಸಮಿತಿಗಳ ಸಭೆ, ಠರಾವು, ಉಪಸಮಿತಿ ಇವುಗಳಿಗೆ ತಗಲುವ ಕಾಲ ಎಲ್ಲರಿಗೂ ತಿಳಿದಿದೆ. ಎರಡು ವಾರ್ಷಿಕ ಮಹಾಸಭೆಗಳು ಕಳೆಯುವಷ್ಟರಲ್ಲಿ ಒಂದು ಮಗುವಿನ ಕಿವಿಯ ಕಾಲ ಮುಗಿದಿರುತ್ತದೆ.

ಗಡಿನಾಡಿನ ಕನ್ನಡಿಗರಾದ ನಮಗೆ ಮನೆಯ ಮಾತು ಒಂದು, ಕಛೇರಿಯ ಮಾತು ಇನ್ನೊಂದಾದರೆ ಆಗುವ ಸಂಕಟವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆ ಸಂಕಟವನ್ನು ನಾವು ಬಾಯಿಬಿಟ್ಟು ಹೇಳಬಲ್ಲೆವು. ಹೇಳಿ ಹೇಳಿಯೇ ಇಷ್ಟನ್ನು ಉಳಿಸಿಕೊಂಡಿದ್ದೇವೆ. ಹೇಳಲಾರದ ಮಕ್ಕಳ ಪರವಾಗಿ ಹೇಳುವ ಹೊಣೆ ಈ ಶಾಲೆಯದು. ಬರುವ ಜೂನ್ ತಿಂಗಳಲ್ಲಿ ಕಿವಿಯ ಹಿಂದೆ ಉಪಕರಣ ಧರಿಸಿದ ಮಗುವೊಂದು ನಮ್ಮ ಶಿಶುವರ್ಗದ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಲಿ. ಹೆಸರು ಕರೆದಾಗ ಅದು ಕೈಯೆತ್ತಿದರೂ ಸಾಕು, ಉತ್ತರಿಸಿದರೆ ಇನ್ನೂ ಸಂತೋಷ. ಅಂಥ ಶಾಲೆಗೆ ಇನ್ನೂ ಐವತ್ತು ವರ್ಷಗಳ ಆಯುಷ್ಯವನ್ನು ಹಾರೈಸುವುದರಲ್ಲಿ ಅರ್ಥವಿದೆ.